ನೋವಿನ ಮೇಲೆ ರೋಲರ್ ಉರುಳಿಸುವ ಮುನ್ನ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಸೀಮೆಯ ದೈಹಿಕ ಶಿಕ್ಷಣ ಶಿಕ್ಷಕರಿಗೂ ತರಬೇತುದಾರರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಆಂಧ್ರ-ಕರ್ನಾಟಕ ಗಡಿಯ ಈ ಸೀಮೆಯ ಮಕ್ಕಳ ಮಂಡಿ, ಹಿಮ್ಮಡಿ, ಸೊಂಟ ನೋಡುವ ಫಿಸಿಯೋಥೆರಪಿಸ್ಟ್ ನಾನು. ನಿಮ್ಮಲ್ಲಿ ಹಲವರು ಕುಂಟುವ ಹುಡುಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಸ್ವಂತ ಖರ್ಚಿನಲ್ಲಿ ನನ್ನ ಬಳಿಗೆ ಕರೆತಂದವರು. ಬೆಳಗಿನ ಜಾವ ಐದಕ್ಕೆ ಎದ್ದು, ಸಂಬಳಕ್ಕೆ ಸೇರದ ದುಡಿಮೆಯನ್ನು ವರ್ಷಗಟ್ಟಲೆ ಮಾಡುತ್ತಿರುವವರು. ನೀವಿಲ್ಲದಿದ್ದರೆ ರೊಳ್ಳ, ಅಗಳಿ, ಅಮರಾಪುರದ ಕನ್ನಡ ಶಾಲೆಯ ಮಕ್ಕಳು ಜಿಲ್ಲಾ ಮಟ್ಟದ ಮೈದಾನವನ್ನು ಕಣ್ಣಿನಿಂದಲೂ ಕಾಣುತ್ತಿರಲಿಲ್ಲ. ಆ ಗೌರವವಿಟ್ಟುಕೊಂಡೇ, ಒಬ್ಬೊಬ್ಬರಿಗೆ ಬಿಡಿಯಾಗಿ ಹೇಳುತ್ತ ಬಂದ ಮಾತನ್ನು ಈಗ ಎಲ್ಲರಿಗೂ ಒಟ್ಟಿಗೆ ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಮೈದಾನಗಳಲ್ಲಿ ಫೋಮ್ ರೋಲರ್ ಕಾಣುತ್ತಿರಲಿಲ್ಲ. ಈಗ ಚೆಂಡು, ನೆಟ್ಟು, ಸೀಟಿಯ ಜೊತೆಗೆ ಅದೂ ಬರುತ್ತಿದೆ. ಕೊಳ್ಳಲಾಗದವರು ಪಿವಿಸಿ ಪೈಪ್ ಕತ್ತರಿಸಿ, ಟವೆಲ್ ಸುತ್ತಿ ಉರುಳಿಸುತ್ತಿದ್ದಾರೆ. ‘ಮಯೋಫೇಶಿಯಲ್ ರಿಲೀಸ್’ ಎಂಬ ಬೋರ್ಡು ಊರಿನ ಸಣ್ಣ ಕ್ಲಿನಿಕ್ಕುಗಳ ಮುಂದೂ ತೂಗುತ್ತಿದೆ. ನಾನು ಆ ವಿದ್ಯೆಯ ವಿರೋಧಿಯಲ್ಲ. ಅದನ್ನು ಕಲಿತು, ನನ್ನ ಕೈಯಿಂದ ಮಾಡುತ್ತಲೇ ಇದ್ದೇನೆ. ನನ್ನ ವಿನಂತಿ ಒಂದೇ: ಬೆಳೆಯುತ್ತಿರುವ ಮಗುವಿನ ನೋವನ್ನು ಒತ್ತಿ, ಉಜ್ಜಿ ಅಡಗಿಸಬೇಡಿ. ಆ ನೋವು ಎಲ್ಲಿಂದ ಬಂತೆಂದು ಮೊದಲು ತಿಳಿದುಕೊಳ್ಳಿ.

ಮಾಂಸ ಕತ್ತರಿಸುವಾಗ ತುಂಡಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಾಣುತ್ತದಲ್ಲ, ಅದೇ ಫೇಶಿಯಾ. ನಮ್ಮ ಮೈಯಲ್ಲೂ ಪ್ರತಿ ಸ್ನಾಯುವನ್ನು, ಸ್ನಾಯುವಿನೊಳಗಿನ ಪ್ರತಿ ಎಳೆಗಟ್ಟನ್ನು ಅದು ಸುತ್ತಿಕೊಂಡಿದೆ. ಒಂದು ಪದರ ಇನ್ನೊಂದರ ಮೇಲೆ ಜಾರಲು ನಡುವೆ ಲೋಳೆಯಂಥ ದ್ರವವಿದೆ. ಈ ಪೊರೆಯಲ್ಲಿ ನರಗಳ ತುದಿಗಳು ದಟ್ಟವಾಗಿವೆ. ಹಾಗಾಗಿ ಅಲ್ಲಿ ಬಿಗಿತವೂ ತಿಳಿಯುತ್ತದೆ, ನೋವೂ ತಿಳಿಯುತ್ತದೆ. ನಿಧಾನವಾಗಿ ಒತ್ತಿ, ಹಿಡಿದು, ಎಳೆದು ಈ ಭಾಗವನ್ನು ಸಡಿಲಗೊಳಿಸುವ ಚಿಕಿತ್ಸೆಗೆ ಮಯೋಫೇಶಿಯಲ್ ರಿಲೀಸ್ ಎನ್ನುತ್ತಾರೆ. ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್, ಡೇವಿಡ್ ಸೈಮನ್ಸ್ ಜೊತೆ ಸೇರಿ ಸ್ನಾಯುವಿನ ನೋವುಗಂಟುಗಳ ಬಗ್ಗೆ ಬರೆದ ದೊಡ್ಡ ಕೈಪಿಡಿ 1983ರಲ್ಲಿ ಬಂತು. ಫೇಶಿಯಾಗೆಂದೇ ಮೊದಲ ಅಂತಾರಾಷ್ಟ್ರೀಯ ಸಂಶೋಧನಾ ಸಮ್ಮೇಳನ ನಡೆದದ್ದು 2007ರಲ್ಲಿ, ಬಾಸ್ಟನ್ನಿನಲ್ಲಿ. ಅಂದರೆ ಈ ವಿದ್ಯೆ ಇನ್ನೂ ಎಳೆಯದು. ಅದರ ಬಗ್ಗೆ ಹೇಳಲಾಗುವ ಎಲ್ಲವೂ ಪರೀಕ್ಷೆಗೆ ನಿಂತಿಲ್ಲ.

ಉದಾಹರಣೆಗೆ, ಉರುಳಿಸಿದರೆ ಪೊರೆ ಕರಗಿ ಸಡಿಲವಾಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ತೊಡೆಯ ಹೊರಬದಿಯ ದಪ್ಪ ಪೊರೆಯನ್ನಾಗಲಿ ಅಂಗಾಲಿನ ಪೊರೆಯನ್ನಾಗಲಿ ಚೂರು ಹಿಗ್ಗಿಸಲು ಎಷ್ಟು ಬಲ ಬೇಕೆಂದು 2008ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅಷ್ಟು ಬಲವನ್ನು ಯಾವ ಮನುಷ್ಯನ ಕೈಯೂ ಹಾಕಲಾರದು ಎಂದು ತಿಳಿದುಬಂತು. ಹಾಗಾದರೆ ಉರುಳಿಸಿದ ಮೇಲೆ ಹಗುರಾಗುವುದು ಯಾಕೆ? ಮುಖ್ಯವಾಗಿ ನರಮಂಡಲದಿಂದ. ಒತ್ತಡ ಬಿದ್ದ ಜಾಗದಲ್ಲಿ ನೋವು ತಡೆಯುವ ಶಕ್ತಿ ಸ್ವಲ್ಪ ಹೊತ್ತು ಹೆಚ್ಚುತ್ತದೆ, ಸ್ನಾಯು ಕೊಂಚ ಸಡಿಲಗೊಳ್ಳುತ್ತದೆ. ಫೋಮ್ ರೋಲರ್ ಬಗ್ಗೆ ನಡೆದ 21 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ನೋಡಿದಾಗ, ಆಟಕ್ಕೆ ಮೊದಲು ಉರುಳಿಸಿದರೆ ಮೈಯ ಬಾಗುವಿಕೆ ಸರಾಸರಿ ಶೇ. 4ರಷ್ಟು, ಓಟದ ವೇಗ ಶೇ. 0.7ರಷ್ಟು ಸುಧಾರಿಸಿತ್ತು. ಜಿಗಿತದಲ್ಲಿ, ಬಲದಲ್ಲಿ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ. ಆಟದ ನಂತರ ಉರುಳಿಸಿದವರಿಗೆ ಮೈಕೈ ನೋವು ತುಸು ಕಡಿಮೆ ಅನಿಸಿತು. ಇವು ಸಣ್ಣ ಲಾಭಗಳು. ನೂರು ಮೀಟರ್ ಓಟಗಾರನಿಗೆ ಶೇ. 0.7 ಕೂಡ ಬೇಕು, ಒಪ್ಪುತ್ತೇನೆ. ಆದರೆ ರೋಲರ್ ಒಂದರಿಂದಲೇ ಗಾಯ ತಡೆಯಬಹುದು ಎನ್ನಲು ಇವು ಸಾಲವು.

ಈಗ ನನ್ನನ್ನು ಈ ಪತ್ರಕ್ಕೆ ಕೂರಿಸಿದ ವಿಷಯಕ್ಕೆ ಬರುತ್ತೇನೆ.

ಖೋ-ಖೋ ಆಡುವ ಹುಡುಗಿ, ಎಂಟನೇ ತರಗತಿ. ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗಿ ತಿಂಗಳುಗಳೇ ಕಳೆದಿದ್ದವು. ಮನೆಯವರು ಉಳುಕು ತೆಗೆಯುವವರ ಹತ್ತಿರ ಕರೆದೊಯ್ದು ಎಣ್ಣೆ ಹಾಕಿ ಉಜ್ಜಿಸಿದ್ದರು. ಶಾಲೆಯಲ್ಲಿ ರೋಲರ್ ಹಾಕಿಸಿದ್ದರು. ಅಲ್ಲಿ ‘ಗಂಟು’ ಕಟ್ಟಿದೆ, ಒತ್ತಿದರೆ ಕರಗುತ್ತದೆ ಎಂದು ದಿನವೂ ಹೆಬ್ಬೆರಳಿನಲ್ಲಿ ಒತ್ತುತ್ತಿದ್ದರು. ಆ ಮಗು ಹಲ್ಲು ಕಚ್ಚಿ ಸಹಿಸುತ್ತಿತ್ತು. ಅದು ಗಂಟಲ್ಲ. ತೊಡೆಯ ದೊಡ್ಡ ಸ್ನಾಯು ಬಂದು ಕೂಡಿಕೊಳ್ಳುವ ಎಲುಬಿನ ತುದಿ ಅದು. ಬೆಳೆಯುವ ಮಕ್ಕಳಲ್ಲಿ ಆ ಭಾಗ ಇನ್ನೂ ಪೂರ್ತಿ ಎಲುಬಾಗಿರುವುದಿಲ್ಲ, ಮೃದುವಾದ ಬೆಳವಣಿಗೆ ಫಲಕವಿರುತ್ತದೆ. ಓಡಿ, ಕೂತು, ಎದ್ದು, ತಿರುಗಿ ಅಲ್ಲಿ ಎಳೆತ ಬಿದ್ದೂ ಬಿದ್ದೂ ನೋಯುತ್ತದೆ, ಉಬ್ಬುತ್ತದೆ. ಆಸ್‌ಗುಡ್-ಶ್ಲಾಟರ್ ಎಂಬ ಹೆಸರಿನ ಈ ತೊಂದರೆಗೆ ಮದ್ದು ಸಮಯ: ಕೆಲವು ವಾರ ಜಿಗಿತ, ಓಟ ತಗ್ಗಿಸುವುದು, ತೊಡೆಯನ್ನು ನಿಧಾನವಾಗಿ ಬಲಪಡಿಸುವುದು. ನೋಯುವ ಆ ಉಬ್ಬಿನ ಮೇಲೆಯೇ ಒತ್ತುವುದು ಹುಣ್ಣನ್ನು ಕೆರೆದಂತೆ. ಹಿಮ್ಮಡಿಯಲ್ಲೂ ಇಂಥದೇ ತೊಂದರೆ ಬರುತ್ತದೆ. ಸಾಮಾನ್ಯವಾಗಿ ಎಂಟರಿಂದ ಹದಿನಾಲ್ಕರ ನಡುವಿನ ಮಕ್ಕಳಲ್ಲಿ.

ಇನ್ನೊಬ್ಬ ಹುಡುಗ ಓಟಗಾರ. ಮೊಣಕಾಲ ಕೆಳಗಿನ ಮುಂದಿನ ಎಲುಬಿನ ಮೇಲೆ ಪೈಪ್ ಉರುಳಿಸಿ ಉರುಳಿಸಿ ಚರ್ಮ ಕಪ್ಪಾಗಿತ್ತು. ಎಲ್ಲಿ ನೋಯುತ್ತದೆ ಎಂದು ಕೇಳಿದರೆ ಒಂದೇ ಬೆರಳಿಟ್ಟು ಒಂದೇ ಜಾಗ ತೋರಿಸಿದ. ರಾತ್ರಿಯೂ ನೋವಿತ್ತು. ಸ್ಕ್ಯಾನ್ ಮಾಡಿಸಿದರೆ ಎಲುಬಿನಲ್ಲಿ ಸಣ್ಣ ಬಿರುಕು. ಅದು ಪೂರ್ತಿ ಮುರಿಯುವ ಮೊದಲು ಸಿಕ್ಕಿತು ಎಂಬುದೇ ಪುಣ್ಯ.

ಒಂದು ಬೆರಳಿನ ಆ ಪರೀಕ್ಷೆಯನ್ನು ದಯವಿಟ್ಟು ಕಲಿತುಕೊಳ್ಳಿ. “ಎಲ್ಲಪ್ಪಾ ನೋವು?” ಎಂದರೆ ಮಗು ಇಡೀ ಅಂಗೈಯಿಂದ ತೊಡೆಯನ್ನೋ ಮೀನಖಂಡವನ್ನೋ ಸವರಿದರೆ ಅದು ಬಹುಪಾಲು ದಣಿದ ಸ್ನಾಯು. ಅಂಥ ಕಡೆ ರೋಲರ್ ನೆರವಾಗಬಹುದು. ಒಂದೇ ಬೆರಳಿನಲ್ಲಿ ಎಲುಬಿನ ಮೇಲೆ, ಕೀಲಿನ ಮೇಲೆ ಒಂದು ಜಾಗ ತೋರಿಸಿದರೆ ರೋಲರ್ ಕೆಳಗಿಡಿ. ಕುಂಟುತ್ತಿದ್ದರೆ, ಊತವಿದ್ದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಜ್ವರ ಬಂದರೆ, ಕೈಕಾಲು ಜೋಮು ಹಿಡಿದರೆ, ಎರಡು ವಾರ ಕಳೆದರೂ ನೋವು ಹಾಗೇ ಇದ್ದರೆ ಆಸ್ಪತ್ರೆಗೆ ಕಳಿಸಿ. ಹಿಂದೂಪುರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಕಲ್ಯಾಣದುರ್ಗದಲ್ಲೂ ಬತ್ತಲಪಲ್ಲಿಯಲ್ಲೂ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿನ (ಆರ್‌ಡಿಟಿ) ಆಸ್ಪತ್ರೆಗಳಿವೆ. ಹುಡುಗನೊಬ್ಬ ತೊಡೆಸಂದಿನಲ್ಲಿ, ಅಥವಾ ಮಂಡಿಯಲ್ಲೇ ನೋವೆಂದು ಹೇಳುತ್ತ ಪಾದ ಹೊರಗೆ ತಿರುಗಿಸಿ ಕುಂಟಿದರೆ ಅಂದೇ ಕಳಿಸಿ. ಸೊಂಟದ ಕೀಲಿನ ಎಲುಬು ಜಾರಿದಾಗ ಹೀಗಾಗುತ್ತದೆ, ಅಲ್ಲಿ ತಡ ಮಾಡುವಂತಿಲ್ಲ.

ನಮ್ಮ ಸೀಮೆಯ ಮಕ್ಕಳ ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅವರ ಗಾಯ ಅರ್ಥವಾಗುವುದಿಲ್ಲ. ಹಿಂದೂಪುರದ ಸುತ್ತ ಎಷ್ಟೋ ಮನೆಗಳಲ್ಲಿ ರೇಷ್ಮೆ ಸಾಕಣೆ. ಹುಳು ಕೊನೆಯ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಬೇಕು, ಮನೆಯ ಮಕ್ಕಳೂ ಹಿಪ್ಪುನೇರಳೆ ಸೊಪ್ಪು ಕಿತ್ತು ಹೊರುತ್ತಾರೆ. ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಕೀಳುವ ಕಾಲಕ್ಕೆ ಇಡೀ ದಿನ ಬಗ್ಗಿದ ಬೆನ್ನು. ಅದಾದ ಮೇಲೆ ಸಂಜೆ ಮೈದಾನಕ್ಕೆ ಬರುತ್ತಾರೆ. ಶನಿವಾರ ರಾತ್ರಿ ಪಾವಗಡದಲ್ಲೋ ಗೌರಿಬಿದನೂರಿನ ಕಡೆಯೋ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ, ಭಾನುವಾರ ವಾಲಿಬಾಲ್, ಸೋಮವಾರ ಮತ್ತೆ ಅಭ್ಯಾಸ. ಚೆನ್ನಾಗಿ ಆಡುವ ಹುಡುಗನನ್ನು ಅವನ ವಯಸ್ಸಿನ ತಂಡಕ್ಕೂ ದೊಡ್ಡವರ ತಂಡಕ್ಕೂ ಸೇರಿಸಿಕೊಳ್ಳುತ್ತಾರೆ. ಕೆಂಪು ಮಣ್ಣಿನ ನೆಲ ಬೇಸಿಗೆಯಲ್ಲಿ ಬಂಡೆಯಷ್ಟು ಗಟ್ಟಿ. ಕಾಲಿಗೆ ಅಣ್ಣ ಹಾಕಿ ಬಿಟ್ಟ ಶೂ. ಇಷ್ಟೆಲ್ಲ ಹೊರೆ ಹೊತ್ತ ಕಾಲಿಗೆ ಹತ್ತು ನಿಮಿಷ ರೋಲರ್ ಹಾಕಿ ‘ರಿಕವರಿ ಆಯ್ತು’ ಎಂದರೆ ಆಗುತ್ತದೆಯೇ? ಅಮೆರಿಕದಲ್ಲಿ 1,190 ಮಕ್ಕಳನ್ನು ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸುಲಭವಾದ ಅಳತೆಗೋಲು ಕೊಟ್ಟಿತು: ವಾರಕ್ಕೆ ಆಡುವ ಗಂಟೆಗಳು ಮಗುವಿನ ವಯಸ್ಸನ್ನು ಮೀರಿದರೆ ಅತಿಬಳಕೆಯ ಗಂಭೀರ ಗಾಯಗಳ ಅಪಾಯ ಹೆಚ್ಚು. ಹದಿಮೂರು ವರ್ಷದವಳಿಗೆ ವಾರಕ್ಕೆ ಹದಿಮೂರು ಗಂಟೆ ಮೀರಬಾರದು. ಹೊಲದ ಕೆಲಸ ಆ ಅಧ್ಯಯನದ ಲೆಕ್ಕದಲ್ಲಿ ಇರಲಿಲ್ಲ. ನಾವು ಅದನ್ನೂ ಸೇರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಿದ್ದೆಯದೂ ಇದೇ ಮಾತು. ಎಂಟು ಗಂಟೆಗಿಂತ ಕಡಿಮೆ ಮಲಗುವ ಶಾಲಾ ಆಟಗಾರರಲ್ಲಿ ಗಾಯದ ಸಂಭವ 1.7 ಪಟ್ಟು ಎಂದು 2014ರ ಅಧ್ಯಯನ ತೋರಿಸಿದೆ. ಹುಳು ಮನೆಯಲ್ಲಿ ರಾತ್ರಿ ಕಳೆದ ಮಗುವಿಗೆ ಮರುದಿನ ಬೆಳಗಿನ ಅಭ್ಯಾಸದಿಂದ ವಿನಾಯಿತಿ ಕೊಡಿ, ಬೈಯಬೇಡಿ.

ಮಕ್ಕಳು ನೋವು ಮುಚ್ಚಿಡುವುದಕ್ಕೆ ಕಾರಣ ನಮಗೆಲ್ಲ ಗೊತ್ತು. ಆಟ ಇಲ್ಲಿ ಬಡತನದಿಂದ ಹೊರಬರುವ ಬಾಗಿಲು. ಅನಂತಪುರದಲ್ಲಿ ವಿನ್ಸೆಂಟ್ ಫೆರರ್ ಕಟ್ಟಿದ ಆರ್‌ಡಿಟಿಯ ಕ್ರೀಡಾ ಗ್ರಾಮವಿದೆ. ಅಲ್ಲೇ 2010ರಲ್ಲಿ ರಫೇಲ್ ನಡಾಲ್ ಪ್ರತಿಷ್ಠಾನದ ಟೆನಿಸ್ ಶಾಲೆ ತೆರೆಯಿತು. ಉದ್ಯೋಗ ಖಾತರಿ ಯೋಜನೆ 2006ರಲ್ಲಿ ಶುರುವಾದ ಅದೇ ಬಂಡ್ಲಪಲ್ಲಿಯಿಂದ ಬಂದ ಬಾರೆಡ್ಡಿ ಅನುಷಾ 2023ರಲ್ಲಿ ಭಾರತದ ಕ್ರಿಕೆಟ್ ತಂಡಕ್ಕೆ ಆಡಿದಳು. ಇಂಥ ಸುದ್ದಿ ಓದಿದ ಮಗು “ಸಾರ್, ಸ್ವಲ್ಪ ನೋವು ಅಷ್ಟೇ” ಎಂದು ಹೇಳದೆ ಇನ್ನೇನು ಹೇಳೀತು? ನಡಾಲ್ ಹೆಸರು ಬಂದದ್ದರಿಂದ ಒಂದು ಮಾತು. ಅವರ ಎಡಪಾದದ ಎಲುಬಿನಲ್ಲಿ ವಾಸಿಯಾಗದ ದೋಷವಿತ್ತು. 2022ರ ಫ್ರೆಂಚ್ ಓಪನ್ನನ್ನು ಪಾದದ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಹಾಕಿಸಿಕೊಂಡು ಗೆದ್ದರು, ಹೀಗೆಯೇ ಆಡುತ್ತಾ ಹೋಗಲಾರೆ ಎಂದೂ ಹೇಳಿದರು. ಅದು ಮೂವತ್ತಾರು ವಯಸ್ಸಿನ ಆಟಗಾರ, ಪಕ್ಕದಲ್ಲೇ ವೈದ್ಯರನ್ನಿಟ್ಟುಕೊಂಡು ಮಾಡಿದ ಆಯ್ಕೆ. ಹದಿಮೂರರ ಮಗುವಿಗೆ ಅಂಥ ಆಯ್ಕೆ ಮಾಡುವ ತಿಳಿವಳಿಕೆ ಇಲ್ಲ. ಅದರ ಪರವಾಗಿ ಬೇಡ ಎನ್ನಬೇಕಾದವರು ನೀವು. ಶಾಲಾ ಕ್ರೀಡಾ ಒಕ್ಕೂಟದ (ಎಸ್‌ಜಿಎಫ್) ಆಯ್ಕೆಯ ಹಿಂದಿನ ದಿನ ಹಾಗೆನ್ನುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಆದರೂ ಬೇಡುತ್ತೇನೆ. ನೋವು ಹೇಳಿಕೊಂಡ ಮಗುವಿನ ಜಾಗ ತಂಡದಲ್ಲಿ ಹೋಗುವುದಿಲ್ಲ ಎಂದು ವರ್ಷದ ಆರಂಭದಲ್ಲೇ, ಎಲ್ಲ ಮಕ್ಕಳ ಮುಂದೆ ಬಾಯಿಬಿಟ್ಟು ಹೇಳಿ. ಹೇಳಿದಂತೆ ನಡೆದುಕೊಳ್ಳಿ.

ಗಾಯ ತಡೆಯುವುದಕ್ಕೆ ಗಟ್ಟಿ ಪುರಾವೆ ಇರುವ ಕೆಲಸಗಳಿಗೆ ಕಾಸು ಖರ್ಚಿಲ್ಲ. ಫಿಫಾ ಸಂಸ್ಥೆ ಸಿದ್ಧಪಡಿಸಿದ ‘11+’ ಎಂಬ ವಾರ್ಮ್ ಅಪ್ ಇದೆ. ಓಟ, ಒಂಟಿಕಾಲಿನ ಸಮತೋಲನ, ಜಿಗಿದು ಮಂಡಿ ಒಳಗೆ ಬಾಗದಂತೆ ಇಳಿಯುವುದು, ಹೊಟ್ಟೆ-ಬೆನ್ನು ಗಟ್ಟಿ ಮಾಡುವುದು, ಎಲ್ಲ ಸೇರಿ ಇಪ್ಪತ್ತು ನಿಮಿಷ. ನಾರ್ವೆಯಲ್ಲಿ 125 ಕ್ಲಬ್ಬುಗಳ 1,892 ಹುಡುಗಿಯರ ಮೇಲೆ ಇದನ್ನು ಪರೀಕ್ಷಿಸಿದರು. ಎಲ್ಲರೂ 13ರಿಂದ 17ರ ಪ್ರಾಯದವರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಇದನ್ನು ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಮೂರನೇ ಒಂದರಷ್ಟು ತಗ್ಗಿದ್ದವು, ಗಂಭೀರ ಗಾಯಗಳು ಅರ್ಧಕ್ಕೆ ಹತ್ತಿರ ಇಳಿದಿದ್ದವು. ಅದು ಫುಟ್‌ಬಾಲ್. ಆದರೆ ದಿಢೀರನೆ ನಿಲ್ಲುವುದು, ತಿರುಗುವುದು, ಜಿಗಿದು ಇಳಿಯುವುದು ಕಬಡ್ಡಿ, ಖೋ-ಖೋ, ವಾಲಿಬಾಲಿನಲ್ಲೂ ಇದೆ. ವಾರಕ್ಕೆ ಎರಡು ಮೂರು ದಿನವಾದರೂ ಮಾಡಿಸಿ. ತೊಡೆಯ ಹಿಂಭಾಗದ ಸ್ನಾಯುವಿಗೆ ಇನ್ನೂ ಸರಳವಾದದ್ದಿದೆ. ಗೋಣಿಚೀಲದ ಮೇಲೆ ಒಬ್ಬ ಮಂಡಿಯೂರಲಿ, ಇನ್ನೊಬ್ಬ ಅವನ ಹಿಮ್ಮಡಿ ಹಿಡಿಯಲಿ. ಮೊದಲನೆಯವನು ಸೊಂಟ ಬಗ್ಗಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ ಕೈಯೂರಲಿ. ನಾರ್ಡಿಕ್ ವ್ಯಾಯಾಮ ಎನ್ನುವ ಇದನ್ನು ಸೇರಿಸಿಕೊಂಡ ತಂಡಗಳಲ್ಲಿ ಆ ಸ್ನಾಯುವಿನ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ಐದಾರು ಸಲದಿಂದ ಶುರುಮಾಡಿ. ಮರುದಿನ ಮೈ ಹಿಡಿದುಕೊಳ್ಳುತ್ತದೆ, ಮೊದಲೇ ಹೇಳಿಬಿಡಿ.

ರೋಲರ್‌ಗೆ ಇವುಗಳ ಜೊತೆಯಲ್ಲಿ ಒಂದು ಮೂಲೆ ಕೊಡೋಣ. ತೊಡೆ, ಮೀನಖಂಡ, ಪೃಷ್ಠ, ಬೆನ್ನಿನ ಮೇಲ್ಭಾಗ, ಒಂದೊಂದಕ್ಕೆ ಒಂದೆರಡು ನಿಮಿಷ ಸಾಕು. ಉಸಿರು ಬಿಗಿ ಹಿಡಿಯುವಷ್ಟು, ಮುಖ ಕಿವುಚುವಷ್ಟು ನೋಯಬಾರದು. ಮಗು ತಾನೇ ತನ್ನ ಭಾರ ಹಾಕಿಕೊಳ್ಳಲಿ, ಆಗ ಬೇಕೆನಿಸಿದಾಗ ತಗ್ಗಿಸಿಕೊಳ್ಳುತ್ತದೆ. ಮಂಡಿಚಿಪ್ಪು, ಮುಂಗಾಲಿನ ಎಲುಬು, ಸೊಂಟದ ಬೆನ್ನುಮೂಳೆ, ಹೊಟ್ಟೆ, ಕುತ್ತಿಗೆ ಬೇಡ. ಹೊಸ ಪೆಟ್ಟಿನ ಮೇಲೆ, ಊತದ ಮೇಲೆ ಬೇಡವೇ ಬೇಡ. ಟವೆಲ್ ಸುತ್ತಿದರೂ ಪಿವಿಸಿ ಪೈಪ್ ಮಕ್ಕಳಿಗೆ ಅತಿ ಗಡುಸು. ಹಾಸ್ಟೆಲ್‌ಗಳಲ್ಲಿ ಒಬ್ಬರ ಕಾಲು, ಬೆನ್ನನ್ನು ಇನ್ನೊಬ್ಬರಿಂದ ತುಳಿಸುವ ರೂಢಿ ಇದೆ, ಅದನ್ನು ಇವತ್ತೇ ನಿಲ್ಲಿಸಿ. ಆಟಕ್ಕೆ ಮೊದಲು ಉರುಳಿಸಿದರೆ ಅದರ ಸಡಿಲ ಹೆಚ್ಚೆಂದರೆ ಅರ್ಧ ಗಂಟೆ ಉಳಿದೀತು, ಹಾಗಾಗಿ ಅದಾದ ಮೇಲೆ ವಾರ್ಮ್ ಅಪ್ ಆಗಲೇಬೇಕು.

ಕೈಯಿಂದ ಮಾಡುವ ಚಿಕಿತ್ಸೆಯ ಬಗ್ಗೆ ಕಟುವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಗರಡಿಮನೆಯಲ್ಲಿ ಉಸ್ತಾದರು ಎಣ್ಣೆ ಹಾಕಿ ಮೈ ತಿಕ್ಕುತ್ತಿದ್ದ ಕಾಲದಿಂದ ನಮ್ಮಲ್ಲಿ ಅಂಗಮರ್ದನಕ್ಕೆ ಗೌರವವಿದೆ. ಮುರಿದ ಎಲುಬಿಗೆ ಹಾಕುವ ಪುತ್ತೂರು ಕಟ್ಟಿನ ಮೇಲೆ ರಾಯಲಸೀಮೆಯ ಜನರಿಗೆ ಇರುವ ನಂಬಿಕೆಯನ್ನೂ ನಾನು ಹೀಗಳೆಯುವುದಿಲ್ಲ. ಆದರೆ ಬೆಳೆಯುವ ಎಲುಬಿನ ತುದಿಯಲ್ಲಿ ಮುರಿತವಿದೆಯೋ ಇಲ್ಲವೋ ಎಂದು ಎಕ್ಸ್‌ರೇ ನೋಡದೆ ಯಾರ ಕೈಗೂ ಮಗುವನ್ನು ಕೊಡಬೇಡಿ. ಫಿಸಿಯೋಥೆರಪಿಯೂ ಸೇರಿದಂತೆ ವೈದ್ಯಕೀಯಕ್ಕೆ ಪೂರಕವಾದ ವೃತ್ತಿಗಳ ಓದು ಮತ್ತು ನೋಂದಣಿಯನ್ನು ನಿಯಂತ್ರಿಸಲು 2021ರಲ್ಲಿ ಸಂಸತ್ತು ಕಾನೂನು ಮಾಡಿದೆ. ಬೋರ್ಡು ಹಾಕಿದವರನ್ನು ನಿಮ್ಮ ಓದೇನು ಎಂದು ಕೇಳುವ ಹಕ್ಕು ನಿಮಗಿದೆ. ನನ್ನನ್ನೂ ಕೇಳಿ. ಮಗುವಿನ ಮೈ ಮುಟ್ಟುವ ಯಾವ ಚಿಕಿತ್ಸೆಯೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯಬಾರದು. ತಂದೆತಾಯಿಯ ಒಪ್ಪಿಗೆ ಬೇಕು, ಇನ್ನೊಬ್ಬ ಹಿರಿಯರು ಎದುರಿಗಿರಬೇಕು, ಹುಡುಗಿಯರಿಗಾದರೆ ಆ ಹಿರಿಯರು ಹೆಂಗಸೇ ಆಗಿರಬೇಕು. ಮಗು ಸಾಕು ಎಂದ ಕ್ಷಣ ಕೈ ತೆಗೆಯಬೇಕು. 2012ರ ಪೋಕ್ಸೊ ಕಾಯ್ದೆ ನಿಮಗೆ ತಿಳಿದೇ ಇದೆ. ಕಾಯ್ದೆ ಇಲ್ಲದಿದ್ದರೂ ನಾವು ಹೀಗೆಯೇ ನಡೆದುಕೊಳ್ಳಬೇಕಿತ್ತು.

ಹುಡುಗಿಯರ ಬಗ್ಗೆ ಇನ್ನೊಂದು ವಿಷಯ, ಬಹಳ ಸಲ ಯಾರೂ ಕೇಳದ ವಿಷಯ. ಮುಟ್ಟು ಶುರುವಾಗಿ ಸರಿಯಾಗಿ ಬರುತ್ತಿದ್ದವಳಿಗೆ ಮೂರು ತಿಂಗಳು ನಿಂತರೆ, ಪದೇ ಪದೇ ಎಲುಬು ನೋವು ಬಂದರೆ, ಅವಳು ಓಡುವಷ್ಟಕ್ಕೆ ತಿನ್ನುತ್ತಿಲ್ಲ ಎಂಬ ಅನುಮಾನ ಮೊದಲು ಬರಲಿ. ಸುಸ್ತು, ಏದುಸಿರು ಇದ್ದರೆ ರಕ್ತಹೀನತೆಯ ಪರೀಕ್ಷೆ ಮಾಡಿಸಿ. ಶಾಲೆಯ ಶಿಕ್ಷಕಿಯೊಬ್ಬರು ಇದನ್ನು ಕೇಳಿ ತಿಳಿದುಕೊಳ್ಳುವ ಏರ್ಪಾಡು ಮಾಡಿ.

ಕೊನೆಯದಾಗಿ, ಪ್ರತಿ ತಂಡಕ್ಕೆ ಒಂದು ನೋಟ್‌ಬುಕ್ ಇಡಿ. ಮೂರು ತಿಂಗಳಿಗೊಮ್ಮೆ ಮಕ್ಕಳ ಎತ್ತರ ಬರೆಯಿರಿ. ಹುಡುಗಿಯರು ಸಾಮಾನ್ಯವಾಗಿ ಹನ್ನೆರಡರ ಆಸುಪಾಸು, ಹುಡುಗರು ಹದಿನಾಲ್ಕರ ಆಸುಪಾಸು ಸರಸರನೆ ಬೆಳೆಯುತ್ತಾರೆ. ಎತ್ತರ ಒಮ್ಮೆಲೇ ಏರಿದ ಮಗುವಿಗೆ ಆ ತಿಂಗಳುಗಳಲ್ಲಿ ಜಿಗಿತ, ವೇಗದ ಓಟ ತಗ್ಗಿಸಿ. ವಾರಕ್ಕೆ ಎಷ್ಟು ಗಂಟೆ ಆಡಿತು, ಎಲ್ಲಿ ನೋವು, ಎಷ್ಟು ಹೊತ್ತು ಮಲಗಿತು ಎಂಬುದನ್ನು ಮಕ್ಕಳೇ ಬರೆಯಲಿ, ತೆಲುಗಿನಲ್ಲಾಗಲಿ ಕನ್ನಡದಲ್ಲಾಗಲಿ. ವಾರದಲ್ಲಿ ಒಂದು ದಿನ ಪೂರ್ತಿ ರಜೆ ಕೊಡಿ. ಮಂಡಲ ಮಟ್ಟದ ಆಯ್ಕೆಗೆ ಒಂದು ತಿಂಗಳು ಮೊದಲೇ ನೋವಿರುವ ಮಕ್ಕಳ ಪಟ್ಟಿ ಮಾಡಿ ಆಸ್ಪತ್ರೆಗೆ ಒಟ್ಟಿಗೆ ಕರೆದೊಯ್ಯಿರಿ. ಅಭ್ಯಾಸ ಮಾಡಿಸುವ ವಿಧಾನವನ್ನು ಎದುರಿಗೇ ತೋರಿಸಬೇಕೆಂದರೆ ಹೇಳಿ ಕಳಿಸಿ. ಶನಿವಾರ ಸಂಜೆಗಳಲ್ಲಿ ನಿಮ್ಮ ಮೈದಾನಕ್ಕೆ ನಾನೇ ಬರುತ್ತೇನೆ. ಶುಲ್ಕದ ಮಾತಿಲ್ಲ. ನೋಟ್‌ಬುಕ್ ಮಾತ್ರ ಸಿದ್ಧವಿರಲಿ.


ತಮ್ಮ ವಿಶ್ವಾಸಿ,
ಹಿಂದೂಪುರ ಸೀಮೆಯ ಒಬ್ಬ ಫಿಸಿಯೋಥೆರಪಿಸ್ಟ್